ಆರುನೂರ ಹದಿನೈದನೇ ತಪ್ಪು

ನಮ್ಮ ಅಕ್ಕನಿಗೆ ತಪ್ಪು ಹುಡುಕುವುದು ಹುಟ್ಟುಗುಣ. ಮನೆಯಲ್ಲಿ ಈ ಕೆಲಸವನ್ನು ಅವಳು ಸಂಬಳವಿಲ್ಲದೆ ಮಾಡುತ್ತಿದ್ದಳು. ನಾನು ಒಗೆದ ಬಟ್ಟೆಯಲ್ಲಿ ಕಲೆ, ಅಪ್ಪ ಹೇಳಿದ ಕಥೆಯಲ್ಲಿ ಸುಳ್ಳು, ಭಾವನಲ್ಲಂತೂ ಅಡಿಯಿಂದ ಮುಡಿಯವರೆಗೆ. ಭಾವನನ್ನು ಎರಡು ವರ್ಷ ತಿರುಗಾಮುರುಗಾ ಮಾಡಿ ನೋಡಿ, ಕೊನೆಗೆ ಅವನ ತಾಯಿಯ ಮನೆಗೆ ವಾಪಸು ಕಳಿಸಿ, ತನ್ನ ಪೆಟ್ಟಿಗೆ ಹಿಡಿದು ನಮ್ಮ ಮೂರನೇ ಮಹಡಿಯ ಮನೆಗೆ ಬಂದಳು. ಆಗ ಅವಳಿಗೆ ಮೂವತ್ತು, ಈಗ ನಲವತ್ತೆರಡು. ಈ ಹನ್ನೆರಡು ವರ್ಷದಲ್ಲಿ ಅವಳ ಬಾಯಿಂದ "ಚೆನ್ನಾಗಿದೆ" ಎಂಬ ಮಾತು ಬಂದದ್ದು ಬೆರಳೆಣಿಕೆಯಷ್ಟು ಸಲ. "ಪರವಾಗಿಲ್ಲ" ಅಂದರೆ ಅದೇ ನಮಗೆ ದೊಡ್ಡ ಬಹುಮಾನ.

ಇಂಥವಳನ್ನು "ನೋಡದೆ ಬಿಟ್ಟವಳು" ಎಂದು ಊರೆಲ್ಲ ಅನ್ನುವ ಹಾಗೆ ಮಾಡಿದರಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಬರಿ ಎಂದು ಅಪ್ಪ ಹೇಳಿದ. ನನ್ನಿಂದ ಆಗುವುದಿಲ್ಲ.

ಅಕ್ಕ ಮೊದಲು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದಳು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರಿನಿಂದ ಹೊರಟು ಎಡದೋಳು, ಎಡಪಕ್ಕ, ಕೆಳಮಡಿಕೆ, ಬಲಪಕ್ಕ, ಬಲದೋಳು ಎಂದು ಬೆರಳಾಡಿಸುತ್ತ ಒಂದು ಸುತ್ತು ಬರಬೇಕು. ಕೊನೆಗೆ ಗುಂಡಿ ಮತ್ತು ಕಾಜಾ. ಗುಂಡಿ ತೂರಿಸಲು ಬಟ್ಟೆ ಸೀಳಿ ಸುತ್ತ ದಾರ ಕಟ್ಟುತ್ತಾರಲ್ಲ, ಆ ಕಾಜಾ. ತಪ್ಪು ಕಂಡಲ್ಲಿ ಕೆಂಪು ಬಾಣದ ಚೀಟಿ ಅಂಟಿಸಿ ವಾಪಸು ಕಳಿಸಬೇಕು. ಸರಿಯಿದ್ದರೆ "ಪರೀಕ್ಷಿಸಿದೆ, 17" ಎಂದು ಅಚ್ಚಾದ ಸಣ್ಣ ಚೀಟಿಯನ್ನು ಜೇಬಿನೊಳಗೆ ಹಾಕಬೇಕು. ಹದಿನೇಳು ಎಂದರೆ ಅಕ್ಕ. ಹದಿನಾಲ್ಕು ವರ್ಷ ಅವಳು ಹದಿನೇಳೇ ಆಗಿದ್ದಳು. ಅಂಗಿ ಕೊಂಡವರು ಆ ಚೀಟಿಯನ್ನು ತೆಗೆದು ಉಂಡೆ ಮಾಡಿ ಬಿಸಾಡುತ್ತಾರೆ. ನಾನೂ ಹಾಗೇ ಮಾಡುತ್ತೇನೆ.

ಅಪ್ಪನದೂ ಅದೇ ಹಣೆಬರಹ. ಇನ್ನೊಬ್ಬರ ಅಂಗಡಿಯಲ್ಲಿ ಕೂತು ನಲವತ್ತು ವರ್ಷ ಹೊಲಿದ ದರ್ಜಿ. ಈಗ ಕಣ್ಣು ಮಂಜಾಗಿ ಮನೆಯಲ್ಲಿದ್ದಾನೆ. "ಎಷ್ಟು ಜನರ ಮೈ ಮುಚ್ಚಿದೀನಿ, ಒಂದು ಕಾಲರ್ ಮೇಲೂ ನನ್ನ ಹೆಸರಿಲ್ಲ. ಎಲ್ಲಾ ಮಾಲೀಕನ ಪಟ್ಟಿನೇ," ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಾನೆ. ನಾವು ಹೂಂ ಅನ್ನುತ್ತೇವೆ.

ಕಾರ್ಖಾನೆಯವರು ಒಂದು ದಿನ ಚೆಕ್ಕಿಂಗ್ ಲೈನನ್ನೇ ಎತ್ತಿಬಿಟ್ಟರು. ಗಿರಾಕಿಗೆ ತಪ್ಪು ಕಂಡರೆ ಅವನೇ ವಾಪಸು ಕಳಿಸುತ್ತಾನೆ, ಮೊದಲೇ ಯಾಕೆ ನೋಡಿ ಕೈ ಸುಟ್ಟುಕೊಳ್ಳಬೇಕು ಎಂಬುದು ಅವರ ಲೆಕ್ಕಾಚಾರ. ಅಕ್ಕ ಮೂರು ತಿಂಗಳು ಮನೆಯಲ್ಲಿ ಕೂತು ನಮ್ಮಿಬ್ಬರ ತಪ್ಪು ಹುಡುಕಿ ನಮ್ಮನ್ನು ಅರ್ಧ ಮಾಡಿದಳು. ನಾನು ವಿಡಿಯೋ ಗೇಮ್ ಮಾರುವ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ಅಲ್ಲಿಗೆ ಬರುವ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: "ಗೇಮ್ ಕಂಪನಿಗೆ ತಪ್ಪು ಹುಡುಕುವವರು ಬೇಕಾಗಿದ್ದಾರೆ. ಅನುಭವ ಕಡ್ಡಾಯವಲ್ಲ." ಅದನ್ನು ಕತ್ತರಿಸಿ ಅವಳ ಮುಂದಿಟ್ಟೆ. ನಮ್ಮ ಜೀವ ಉಳಿಯಲಿ ಎಂಬುದು ಒಳಗಿನ ಆಸೆ.

ಆ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಪರದೆಗಳ ಮೇಲೆ ಬಿಸಿಲು ಬೀಳಬಾರದೆಂದು ಕಿಟಕಿಗಳಿಗೆ ಹಗಲೂ ಕರಿ ಬಟ್ಟೆ ಎಳೆದಿರುತ್ತಿದ್ದರು. ಪರೀಕ್ಷಾ ವಿಭಾಗ ಎಂದರೆ ಗೋಡೆಗೆ ಮುಖ ಮಾಡಿದ ನಾಲ್ಕು ಮೇಜು, ಹತ್ತಿ ಕಿತ್ತುಬಂದ ನಾಲ್ಕು ಕುರ್ಚಿ. ಅಕ್ಕ ಆಟ ಆಡಿಸುವ ರಿಮೋಟನ್ನು ಮೊದಲ ದಿನ ತಲೆಕೆಳಗಾಗಿ ಹಿಡಿದಳಂತೆ. ಪಕ್ಕದವರು ಕಿಸಕ್ಕೆಂದರು. ಆದರೆ ವಾರ ಕಳೆಯುವಷ್ಟರಲ್ಲಿ ಅವರ ನಗು ಬಾಯಲ್ಲೇ ಉಳಿಯಿತು. ಉಳಿದವರು ಆಟ ಆಡುತ್ತ ತಪ್ಪು ಸಿಕ್ಕರೆ ಬರೆಯುತ್ತಿದ್ದರು. ಅಕ್ಕ ಆಟ ಆಡಲೇ ಇಲ್ಲ. ಆಟದೊಳಗಿನ ಮನುಷ್ಯನ ಎಡ ಭುಜವನ್ನು ಗೋಡೆಗೆ ಒತ್ತಿಕೊಂಡು ಒಂದು ಕೋಣೆ ಪೂರ್ತಿ ಸುತ್ತಿಸಿದಳು, ಆಮೇಲೆ ಬೀದಿ, ಆಮೇಲೆ ಊರು. ಅಂಗಿಯ ಸುತ್ತು ಹೇಗೋ ಹಾಗೆ. ಅವಳ ಮೊದಲ ವರದಿಯಲ್ಲಿ "ಬಲಗೋಡೆ, ನೆಲ ಸೇರುವಲ್ಲಿ ಒಂದು ಬೆರಳು ಹೊಲಿಗೆ ಬಿಟ್ಟಿದೆ, ಮನುಷ್ಯ ಆಚೆ ಜಾರುತ್ತಾನೆ" ಎಂದಿತ್ತು. ಆಟ ಕಟ್ಟುವವರು ಬಿದ್ದು ಬಿದ್ದು ನಕ್ಕರು. ಆಮೇಲೆ ನೋಡಿದರೆ ಹೊಲಿಗೆ ಬಿಟ್ಟೇ ಇತ್ತು. ಅವತ್ತಿನಿಂದ ಅವಳಿಗೆ ಗೋಡೆ ಅಕ್ಕ ಎಂದು ಹೆಸರಾಯಿತು.

ಅಲ್ಲಿ ಅವಳಿಗೊಂದು ವಿಷಯ ತಿಳಿಯಿತು. ಆಟ ಮುಗಿದ ಮೇಲೆ, ಅದನ್ನು ಮಾಡಿದ ಎಲ್ಲರ ಹೆಸರೂ ಪರದೆಯ ಮೇಲೆ ಬರುತ್ತದೆ. ಕಸ ಗುಡಿಸುವವರ ಹೆಸರು ಬರುವುದಿಲ್ಲ, ಆದರೆ ತಪ್ಪು ಹುಡುಕಿದವರದು ಬರುತ್ತದೆ. "ಪರೀಕ್ಷೆ" ಎಂಬ ತಲೆಬರಹದ ಕೆಳಗೆ, ನಂಬರ್ ಅಲ್ಲ, ಹೆಸರು.

ಅಪ್ಪನಿಗೆ ಇದನ್ನು ಹೇಳಿದ್ದೇ ಹೇಳಿದ್ದು, ಕೆಳಗಿನ ಇಸ್ತ್ರಿಯವನಿಂದ ಹಿಡಿದು ಎದುರು ಮಹಡಿಯ ನರ್ಸಮ್ಮನವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿತು. "ನನ್ನ ಮಗಳ ಹೆಸರು ಟಿವಿಯಲ್ಲಿ ಬರುತ್ತೆ!"

"ಅಪ್ಪಾ, ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲೀಬೇಡ," ಎಂದಳು ಅಕ್ಕ.

"ಹೊಲಿಯೋದು ಬಿಟ್ಟು ನನಗೆ ಬೇರೆ ಏನು ಬರುತ್ತೆ?" ಎಂದ ಅಪ್ಪ.

ಅವಳೂ ಒಳಗೊಳಗೇ ಆಸೆ ಇಟ್ಟುಕೊಂಡಿದ್ದಳು. ಹೆಸರನ್ನು ಇನಿಷಿಯಲ್ಲು ಸಮೇತ ಹಾಕಬೇಕೋ ಬರೀ ಹೆಸರೋ ಎಂದು ಆಫೀಸಿನಿಂದ ಕೇಳಿದಾಗ ಎರಡು ದಿನ ಯೋಚನೆ ಮಾಡಿದಳು. ಕೊನೆಗೆ ಅಪ್ಪನ ಹೆಸರನ್ನೂ ಸೇರಿಸಿ ಪೂರ್ತಿ ಬರೆದುಕೊಟ್ಟಳು. ಅದನ್ನು ನಮಗೆ ಹೇಳಿರಲಿಲ್ಲ.

ಆ ಆಟದ ಕಥೆ ಚೆನ್ನಾಗಿತ್ತು, ಅದು ಇನ್ನೂ ಹೊಟ್ಟೆ ಉರಿಸುವ ಮಾತು. ಅಂಚೆ ಹಂಚುವ ಹೆಂಗಸೊಬ್ಬಳು ಹೊಳೆಯ ದಂಡೆ ಹಿಡಿದು ಏಳು ಊರು ನಡೆಯುತ್ತಾಳೆ. ಒಂದೊಂದು ಮನೆಗೂ ಒಂದೊಂದು ಕಾಗದ, ಕಾಗದ ಓದಿದವರ ಮುಖ ನೋಡಿ ಆಟ ಮುಂದಕ್ಕೆ ಹೋಗುತ್ತದೆ. ಕೊನೆಯ ಕಾಗದವನ್ನು ಸೇತುವೆ ದಾಟಿ ಏಳನೇ ಊರಿಗೆ ತಲುಪಿಸಬೇಕು. ಅದನ್ನು ಬರೆದವರು ಯಾರು ಎಂಬುದೇ ಆಟದ ಗುಟ್ಟು. "ಪರವಾಗಿಲ್ಲ," ಎಂದಿದ್ದಳು ಅಕ್ಕ, ಎರಡು ಸಲ.

ಎರಡೂವರೆ ವರ್ಷ ಅವಳು ಆ ಊರುಗಳ ಗೋಡೆ ಸವರಿದಳು. ಅವಳ ವರದಿಗಳನ್ನೆಲ್ಲ ಒಂದು ಪಟ್ಟಿಗೆ ಸೇರಿಸುತ್ತಿದ್ದರು. ಪ್ರತಿ ತಪ್ಪಿನ ಮುಂದೆ ಒಂದು ಕಾಲಂ, ಅದನ್ನು ತುಂಬುವವನು ವಿಭಾಗದ ಮೇಲ್ವಿಚಾರಕ. ಮೂವತ್ತು ವರ್ಷದವನು, ಎರಡು ಫೋನು, ಮೆಲುಮಾತು, ಬೈಯಲು ಬಾಯಿ ಬಾರದಂಥ ಮುಖ. ಕಾಲಂನಲ್ಲಿ "ಸರಿಪಡಿಸಿದೆ" ಅಂತಲಾದರೂ ಬರೆಯಬೇಕು, "ತಪ್ಪಲ್ಲ" ಅಂತಲಾದರೂ ಬರೆಯಬೇಕು. ಇವನು ಮೂರನೆಯದೊಂದು ಮಾತನ್ನು ಕಂಡುಹಿಡಿದಿದ್ದ: "ಆಮೇಲೆ." ಮೊದಮೊದಲು ಹತ್ತಕ್ಕೊಂದು ಆಮೇಲೆ ಇತ್ತು. ಮಾರಾಟದ ತಾರೀಖು ಗೊತ್ತಾದ ಮೇಲೆ ಪಟ್ಟಿ ತೆರೆದರೆ ಬರೀ ಆಮೇಲೆ, ಆಮೇಲೆ, ಆಮೇಲೆ. ನಾಲ್ಕು ಮೇಜಿನವರೂ ಅವನಿಗೆ ಆಮೇಲೆ ಸಾರ್ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ.

ಮಾರಾಟಕ್ಕೆ ಐದು ವಾರ ಇರುವಾಗ ಅಕ್ಕನಿಗೆ ಸೇತುವೆಯ ತಪ್ಪು ಸಿಕ್ಕಿತು. ಚೀಲದಲ್ಲಿ ಕಾಗದ ಇಟ್ಟುಕೊಂಡು ಸೇತುವೆ ಹತ್ತಿದರೆ, ಹತ್ತರಲ್ಲಿ ಏಳು ಸಲ ಆಟ ನಡುಸೇತುವೆಯಲ್ಲಿ ನಿಂತುಬಿಡುತ್ತಿತ್ತು. ನಿಂತರೆ ನಿಲ್ಲಲಿ, ಆರಿಸಿ ಹಚ್ಚಿದರೆ ಅಲ್ಲಿವರೆಗೆ ಆಡಿದ್ದೆಲ್ಲ ಅಳಿಸಿಹೋಗಿ ಮತ್ತೆ ಒಂದನೇ ಊರು. ಕೊನೆಯ ಕಾಗದ ಕೊಡಬೇಕಾದ್ದೇ ಸೇತುವೆಯ ಆಚೆ. ಅಂದಮೇಲೆ ಕಾಗದವಿಲ್ಲದೆ ಸೇತುವೆ ಹತ್ತುವವರು ಯಾರು? ಇನ್ನು ಅಪ್ಪಿತಪ್ಪಿ ಆಚೆ ದಡ ಮುಟ್ಟಿದವರಿಗೆ ಏಳನೇ ಊರೇ ಇರಲಿಲ್ಲ. ಬಿಳೀ ನೆಲ, ಅದರ ಮೇಲೆ ಒಂದು ಬಾಗಿಲು, ಬಾಗಿಲ ಹಿಂದೆಯೂ ಬಿಳೀ ನೆಲ. ಬಾಗಿಲು ತೆರೆದರೆ "ಕಥೆ ಮುಗಿಯಿತು" ಎಂಬ ಅಕ್ಷರ ಬಂದು, ಅದರ ಹಿಂದೆ ಎಲ್ಲರ ಹೆಸರು ಬರುತ್ತಿದ್ದವು. ಕಾಗದ ಬರೆದವರು ಯಾರು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಅಕ್ಕ ಅದನ್ನು ಬರೆದಳು. ಆಮೇಲೆ ಎಂದು ಬಂತು. ಮತ್ತೆ ಬರೆದಳು. ಮತ್ತೆ ಆಮೇಲೆ. ಹನ್ನೊಂದು ಸಲ ಬರೆದು ಹನ್ನೆರಡನೇ ಸಲ ಎದ್ದು ಅವನ ಮೇಜಿಗೇ ಹೋದಳು.

"ಮೇಡಂ, ನಂಗೂ ಗೊತ್ತು," ಎಂದನಂತೆ ಆಮೇಲೆ ಸಾರ್. "ಡಿಸ್ಕು ಅಚ್ಚಿಗೆ ಹೋಗಿದೆ. ಪೋಸ್ಟರ್ ಹೊಡೆದಾಗಿದೆ. ತಾರೀಖು ಬದಲಾಯಿಸೋದು ನನ್ನ ಕೈಲಿಲ್ಲ. ಮಾರಿದ ಮೇಲೆ ಅಪ್‌ಡೇಟ್ ಕೊಡ್ತೀವಲ್ಲ, ಅದ್ರಲ್ಲಿ ಎಲ್ಲಾ ಸರಿ ಹೋಗುತ್ತೆ."

"ಸಾರ್, ಗುಂಡಿ ಹಾಕಿದೀರಿ, ಕಾಜಾ ಹೊಡೆದಿಲ್ಲ. ಅಂಗಿ ಮಾರಿಬಿಟ್ಟು ಆಮೇಲೆ ಕಾಜಾನ ಅಂಚೇಲಿ ಕಳಿಸ್ತೀರಾ?"

ಅವನು ನಕ್ಕ. ಅಕ್ಕ ನಗಲಿಲ್ಲ.

"ಹೋಗಲಿ, ಡಬ್ಬಿ ಮೇಲೆ ಆರು ಊರು ಅಂತ ಬರೀರಿ. ಮಿಕ್ಕಿದ್ದು ತಯಾರಾಗ್ತಿದೆ ಅಂತ ಬರೀರಿ. ತಗೊಳ್ಳೋರು ತಗೋತಾರೆ, ಬೇಡದೋರು ಕಾಯ್ತಾರೆ."

"ಹಾಗೆ ಬರೆದ್ರೆ ಯಾರು ಮೇಡಂ ತಗೋತಾರೆ?"

ಈ ಮಾತನ್ನು ಅಕ್ಕ ನನಗೆ ಹೇಳಿದ್ದು ತಡವಾಗಿ. ಕೇಳಿದಾಗ ನನಗೆ ಅನ್ನಿಸಿತು, ಇದಕ್ಕಿಂತ ಪ್ರಾಮಾಣಿಕವಾದ ಮಾತು ಅವನ ಬಾಯಿಂದ ಯಾವತ್ತೂ ಬಂದಿರಲಾರದು. ಪೂರ್ತಿ ಆಗಿಲ್ಲವೆಂದು ಗೊತ್ತು, ಹಾಗೆಂದು ಹೇಳಿದರೆ ಯಾರೂ ಕೊಳ್ಳುವುದಿಲ್ಲವೆಂದೂ ಗೊತ್ತು. ಇದಕ್ಕೆ ನಮ್ಮ ಭಾಷೆಯಲ್ಲಿ ಮೋಸ ಎನ್ನುತ್ತಾರೆ. ಬೇರೆ ಪದ ಹುಡುಕುವ ತಾಪತ್ರಯವೇ ಇಲ್ಲ.

ಡಬ್ಬಿಯ ಹಿಂದೆ "ಏಳು ಊರು, ಒಂದು ಸಂಪೂರ್ಣ ಕಥೆ" ಎಂದೇ ಅಚ್ಚಾಯಿತು.

ಮಾರಾಟದ ಹಿಂದಿನ ದಿನ ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅಕ್ಕ ಬಂದು ಬಾಗಿಲಿಗೆ ಒರಗಿ ನಿಂತಳು. "ನಾಳೆ ಬರೋ ಆಟ, ಅದನ್ನ ನೀನು ಮಾರಬೇಡ," ಎಂದಳು.

"ಯಾಕೆ?"

"ಮಾರಬೇಡ ಅಂದೆ, ಅಷ್ಟೆ."

ನನಗೆ ನಗು ಬಂತು. ಇವಳಿಗೆ ಯಾವುದು ತಾನೇ ಹಿಡಿಸಿದೆ? ನಾನು ಮಾಡಿದ ಸಾರಿಗೂ ಇದೇ ಮುಖ. ಹೊರಗೆ ಬಾಯಿ ಬಿಡಬಾರದೆಂದು ಕಂಪನಿಯವರು ಅವಳಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು, ಅವಳು ಮಾತಿಗೆ ತಪ್ಪುವವಳಲ್ಲ. ಅದು ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಸಾಲು ನಿಂತಿತ್ತು. ಸಾಲಿನ ಮೊದಲಿಗೆ ನಮ್ಮ ಹಳೇ ಗಿರಾಕಿ, ಆಂಬುಲೆನ್ಸ್ ಓಡಿಸುವವರು. ವರ್ಷಕ್ಕೊಮ್ಮೆ ಸಿಗುವ ಹತ್ತು ದಿನದ ರಜೆಯನ್ನು ಈ ಆಟಕ್ಕೆಂದೇ ಹಾಕಿ ಬಂದಿದ್ದರು. ಡಬ್ಬಿ ತಿರುಗಿಸಿ ನೋಡುತ್ತ "ಹೇಗಿದೆಯಮ್ಮ, ತಗೋಬಹುದಾ?" ಎಂದು ಕೇಳಿದರು.

ನಾನು ಎದೆಯುಬ್ಬಿಸಿ ಹೇಳಿದೆ, "ನಮ್ಮಕ್ಕನೇ ಚೆಕ್ ಮಾಡಿರೋ ಆಟ ಸಾರ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ."

ಅವರಿಗೆ ಮಾತ್ರವಲ್ಲ. ಅವತ್ತು ಸಾಲಿನಲ್ಲಿ ನಿಂತವರಿಗೆಲ್ಲ ಅದನ್ನೇ ಹೇಳಿದೆ. ಅಂಗಡಿಯ ಮಾಲೀಕರು ನನ್ನ ಬೆನ್ನು ತಟ್ಟಿದರು. ಆ ಬೆನ್ನನ್ನು ಈಗ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸಂಜೆ ಒಂದು ಡಬ್ಬಿ ಮನೆಗೂ ತಂದೆ. ಆಟ ಮುಗಿಸದೆಯೂ ಹೆಸರುಗಳನ್ನು ನೋಡಬಹುದು, ಮೊದಲ ಪುಟದಲ್ಲೇ ಒಂದು ಗುಂಡಿ ಇದೆ. ಒತ್ತಿದೆ. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಅಪ್ಪ ಭೂತಗನ್ನಡಿ ಹಿಡಿದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತ. "ಪರೀಕ್ಷೆ" ಬಂತು, ನಿಲ್ಲಿಸಿದೆ. ನಾಲ್ಕು ಸಾಲಿನಲ್ಲಿ ಮೂರನೆಯದು ಅಕ್ಕ. ಅವಳ ಹೆಸರಿನ ಪಕ್ಕದಲ್ಲಿ ಅಪ್ಪನದು. ಅಪ್ಪ ಅಕ್ಷರ ಅಕ್ಷರವಾಗಿ ಓದಿದ. ತನ್ನ ಹೆಸರು ಬಂದಾಗ ಓದುವುದನ್ನು ನಿಲ್ಲಿಸಿ, ಬೆರಳಿನಿಂದ ಗಾಜನ್ನು ಮುಟ್ಟಿದ. ಬಟ್ಟೆಯ ನೂಲು ನೋಡುವ ಹಾಗೆ ಉಜ್ಜಿ ನೋಡಿದ. "ಬಾರೇ, ನೋಡು ಬಾ," ಎಂದು ಅಕ್ಕನನ್ನು ಕೂಗಿದ. ಅವಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. "ಕೈಯೆಲ್ಲ ಸೋಪು," ಎಂದಳು. ಬರಲಿಲ್ಲ.

ಹನ್ನೊಂದನೇ ದಿನ ಆಂಬುಲೆನ್ಸಿನವರು ಅಂಗಡಿಗೆ ಬಂದರು. ಡಬ್ಬಿಯನ್ನು ಕೌಂಟರಿನ ಮೇಲಿಟ್ಟರು. ಎಸೆಯಲಿಲ್ಲ, ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

"ಒಂಬತ್ತು ದಿನ ಆಡಿದೆ. ಆರೂ ಊರು, ಒಂದು ಮನೆ ಬಿಟ್ಟಿಲ್ಲ. ನಿನ್ನೆ ಸೇತುವೆ ಹತ್ತಿದೆ. ಎಲ್ಲಾ ಹೋಯ್ತು. ಮತ್ತೆ ಮೊದಲಿಂದ ಅಂತೆ. ನನ್ನ ರಜೆ ಮುಗೀತಮ್ಮ."

"ಸಾರ್..."

"ವಾಪಸು ತಗೊಳ್ಳಿ."

ಸೀಲು ಒಡೆದ ಡಿಸ್ಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಫಲಕ ನನ್ನ ತಲೆಯ ಮೇಲೇ ನೇತಾಡುತ್ತಿತ್ತು. ಸೀಲು ಒಡೆಯದೆ ಒಳಗೆ ಆರೇ ಊರಿದೆ ಎಂದು ತಿಳಿಯುವುದು ಹೇಗೆ? ಒಡೆದರೆ ವಾಪಸಿಲ್ಲ, ಒಡೆಯದಿದ್ದರೆ ಗೊತ್ತಾಗುವುದಿಲ್ಲ. ಆ ಫಲಕ ಬರೆದವನ ಬುದ್ಧಿಗೆ ಬೆಂಕಿ ಹಾಕ. ಆದರೆ ನಾನು ಸಂಬಳದ ಆಳು, ಫಲಕದ ಕಡೆ ಕೈ ತೋರಿಸಿದೆ.

ಅವರು ಫಲಕ ಓದಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, "ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂದ್ರಿ, ತಗೊಂಡೆ. ನಿಮ್ಮಕ್ಕನೂ ಕಣ್ಣು ಮುಚ್ಚಿಕೊಂಡೇ ನೋಡಿದ್ರು ಅನ್ಸುತ್ತೆ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕನ ಮೇಲೆ ಹರಿಹಾಯ್ದೆ. ಏನು ಹುಡುಕಿದೆ ಅಲ್ಲಿ ಕೂತು, ಸೇತುವೆಯಷ್ಟು ದೊಡ್ಡದು ಕಣ್ಣಿಗೆ ಬೀಳಲಿಲ್ಲವಾ, ಊರಿನವರ ಮುಂದೆ ನನ್ನ ಮಾನ ತೆಗೆದೆಯಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಾರಬೇಡ ಅಂತ ನಿಂಗೆ ಹೇಳಿದ್ದೆ," ಎಂದಳು.

"ಯಾಕೆ ಅಂತ ಹೇಳಿದ್ಯಾ?"

"ಹೇಳಬಾರದು ಅಂತ ಸಹಿ ಹಾಕಿದ್ದೆ." ಆಮೇಲೆ "ಸಹಿ ಹಾಳಾಗಿ ಹೋಗ್ಲಿ," ಎಂದು ಕೂತು ಎಲ್ಲವನ್ನೂ ಹೇಳಿದಳು. ಹನ್ನೊಂದು ವರದಿ, ಬಿಳೀ ನೆಲ, ಒಂದೇ ಬಾಗಿಲು, ಅಂಚೆಯಲ್ಲಿ ಬರುವ ಕಾಜಾ. ವರದಿ ಬರೆಯುವ ಹಾಗೆಯೇ ಹೇಳಿದಳು, ಮೊದಲು ಏನಾಯಿತು, ಆಮೇಲೆ ಏನಾಯಿತು, ಯಾರು ಏನಂದರು. ಅವಳ ಹೆಸರನ್ನೇ ಮುಂದೆ ಹಿಡಿದು ಆ ಡಬ್ಬಿಗಳನ್ನು ಮಾರಿದವಳು ನಾನು.

ಆ ವಾರವೇ ಕಂಪನಿಯ ಪತ್ರ ಬಂತು. ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಅಪ್ಪನಿಗೆ ಕಾಣುವುದಿಲ್ಲವೆಂದು ನಾನೇ ಗಟ್ಟಿಯಾಗಿ ಓದಿದೆ: "ಪ್ರೀತಿಯ ಆಟಗಾರರೇ, ಸೇತುವೆಯ ತೊಂದರೆಯಿಂದ ನಿಮಗಾದ ಬೇಸರಕ್ಕೆ ವಿಷಾದಿಸುತ್ತೇವೆ. ಈ ದೋಷ ನಮ್ಮ ಪರೀಕ್ಷಾ ವಿಭಾಗದ ಗಮನಕ್ಕೆ ಬಂದಿರಲಿಲ್ಲ. ಮುಂದಿನ ದಿನಗಳಲ್ಲಿ ಸರಿಪಡಿಸಲಾಗುವುದು."

ಓದಿ ಮುಗಿಸಿದೆ. ಮೊದಲು ಬಾಯಿ ಬಿಟ್ಟವನು ಅಪ್ಪ.

"ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸ್ತು ಅಂತಾರಲ್ಲ, ಇದೇ ನೋಡು," ಎಂದ.

ಪರೀಕ್ಷಾ ವಿಭಾಗ ಎಂದರೆ ನಾಲ್ಕೇ ಹೆಸರು. ಆ ನಾಲ್ಕು ಸಾಲಿನ ಚಿತ್ರ ತೆಗೆದು, ಸುತ್ತಲೂ ಕೆಂಪು ಗೆರೆ ಎಳೆದು, ಜನ ಹಂಚಿಕೊಳ್ಳತೊಡಗಿದರು. ಕುರುಡರು, ಸೋಮಾರಿಗಳು, ಕೂತು ಸಂಬಳ ತಿನ್ನುವವರು ಎಂದೆಲ್ಲ ಕೆಳಗೆ ಬರೆದಿದ್ದರು. ಕೆಲವನ್ನು ನಾನು ಇಲ್ಲಿ ಬರೆಯಲಾರೆ. ಬರೆದವರ ಮೇಲೆ ನನಗೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅವರಾದರೂ ಏನು ಮಾಡಿಯಾರು? ಅವರ ಮುಂದೆ ಆ ಪತ್ರ ಬಿಟ್ಟು ಬೇರೇನಿತ್ತು? ಬೈಗುಳಕ್ಕೆ ಒಂದು ತಲೆ ಬೇಕಿತ್ತು, ಕಂಪನಿಯವರು ನಾಲ್ಕು ತಲೆ ತೋರಿಸಿದರು. ಆ ಕೆಂಪು ಗೆರೆಯೊಳಗೆ ಅಪ್ಪನ ಹೆಸರೂ ಇತ್ತು. ಇಡೀ ಜನ್ಮದಲ್ಲಿ ಒಮ್ಮೆ ಅಚ್ಚಾದ ಹೆಸರು.

"ಹೆಸರು ತೆಗೆಸ್ತೀನಪ್ಪ," ಎಂದಳು ಅಕ್ಕ. "ನಿಂಗೆ ಬೇಜಾರಾಗಲ್ವಾ?"

ಅಪ್ಪ ತನ್ನ ಹೆಬ್ಬೆರಳ ಗಂಟನ್ನು ಸವರಿಕೊಂಡ. ಕತ್ತರಿ ಹಿಡಿದು ಹಿಡಿದು ಆದ ಗಂಟು ಅದು.

"ಬೇಜಾರು ಆಗುತ್ತೆ," ಎಂದ. "ಆಗಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ? ಆದ್ರೆ ಹರಿದಿದ್ದು ಗೊತ್ತಿದ್ದೂ ಕೊಟ್ಟ ಅಂಗಿ ಮೇಲೆ ನಮ್ಮ ಹೆಸರು ಬೇಡ. ತೆಗೆಸು."

ಮಾರನೇ ಬೆಳಗ್ಗೆ ಅಕ್ಕ ಆಫೀಸಿಗೆ ಹೋಗಿ ನೇರ ಆಮೇಲೆ ಸಾರ್ ಮುಂದೆ ನಿಂತಳು. ಅವನು ಕೂತಲ್ಲೇ ಎರಡೂ ಕೈ ಎತ್ತಿದ.

"ಮೇಡಂ, ಪತ್ರ ನಾನು ಬರೆದಿದ್ದಲ್ಲ. ಮೇಲಿನವರು ಬರೆದಿದ್ದು. ನಿಮ್ಮ ಹೆಸರು ಅಂತ ಎಲ್ಲೂ ಹೇಳಿಲ್ವಲ್ಲ."

"ಪರೀಕ್ಷಾ ವಿಭಾಗದ ಗಮನಕ್ಕೆ ಬಂದಿರಲಿಲ್ಲ ಅಂತ ಇದೆ. ಬಂದಿತ್ತಾ, ಇಲ್ವಾ?"

"ಬಂದಿತ್ತು."

"ಹನ್ನೊಂದು ಸಲ."

"ಹನ್ನೊಂದು ಸಲ," ಎಂದು ಅವನು ಒಪ್ಪಿಕೊಂಡ.

"ಹಾಗಿದ್ರೆ ಬಂದಿತ್ತು ಅಂತ ಇನ್ನೊಂದು ಪತ್ರ ಹಾಕ್ಸಿ."

ಅವನು ಬಾಗಿಲ ಕಡೆ ನೋಡಿದ, ಫೋನಿನ ಕಡೆ ನೋಡಿದ, ಕೊನೆಗೆ ಮೇಜಿನ ಕಡೆ ನೋಡುತ್ತ ಆ ಒಂದೇ ಮಾತನ್ನು ಹೇಳಿದ. "ಆಮೇಲೆ ನೋಡೋಣ ಮೇಡಂ."

ಅಕ್ಕ ಕೂಗಾಡಲಿಲ್ಲ. ಅವಳ ಸಿಟ್ಟು ನನ್ನಂಥದ್ದಲ್ಲ. ನನ್ನದು ಹಾಲು ಉಕ್ಕಿದ ಹಾಗೆ ಚೆಲ್ಲಿ ಒಲೆ ಆರಿಸುತ್ತದೆ, ಅವಳದು ತಳ ಹತ್ತುತ್ತದೆ. ತನ್ನ ಮೇಜಿಗೆ ಹೋಗಿ ಕೂತಳು. ಪಟ್ಟಿ ತೆರೆದಳು. ಆ ಆಟದ ಬಗ್ಗೆ ಅವಳೊಬ್ಬಳೇ ಬರೆದ ಆರುನೂರ ಹದಿನಾಲ್ಕು ತಪ್ಪು ಇದ್ದವು. ಅದರ ಕೆಳಗೆ ಇನ್ನೊಂದು ಸೇರಿಸಿದಳು. ಕೊನೆಯ ಸಲ ಮನೆಗೆ ಹೊರಡುವಾಗ ಅದನ್ನೊಂದು ಹಾಳೆಯ ಮೇಲೆ ನಕಲು ಮಾಡಿಕೊಂಡು ಬಂದಿದ್ದಳು, ಈಗ ನನ್ನ ಮುಂದಿದೆ:

"ತಪ್ಪಿನ ಸಂಖ್ಯೆ 615. ಜಾಗ: ಹೆಸರುಗಳ ಪಟ್ಟಿ, ಪರೀಕ್ಷೆ, ಮೂರನೇ ಸಾಲು. ಕಾಣುವ ಬಗೆ: ಆಟ ತೆರೆಯಿರಿ, ಹೆಸರುಗಳು ಎಂಬಲ್ಲಿ ಒತ್ತಿ, ಕಾಯಿರಿ. ಇರುವುದು: ಈ ಆಟವನ್ನು ಪರೀಕ್ಷೆ ಮಾಡಿ ಸರಿಯಿದೆ ಎಂದವರಲ್ಲಿ ನನ್ನ ಹೆಸರಿದೆ. ಇರಬೇಕಾದ್ದು: ನಾನು ಸರಿಯಿದೆ ಎಂದಿಲ್ಲ. ಹೆಸರು ತೆಗೆಯಿರಿ. ಎಷ್ಟು ಗಂಭೀರ: ಅತಿ ಗಂಭೀರ. ಪ್ರತಿ ಸಲವೂ ಆಗುತ್ತದೆ."

ಬರೆದು, ಕುತ್ತಿಗೆಯ ಗುರುತಿನ ಚೀಟಿ ಬಿಚ್ಚಿ ಆಮೇಲೆ ಸಾರ್ ಮೇಜಿನ ಮೇಲಿಟ್ಟು, ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ತಂದಳು. ಉಳಿದ ಮೂವರು ತಲೆ ತಗ್ಗಿಸಿ ಗೋಡೆ ನೋಡುತ್ತಿದ್ದರಂತೆ. ಅವರನ್ನು ನಾನು ಬೈಯುವುದಿಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕು.

ಇತ್ತ ನಾನು ಅಂಗಡಿಯಲ್ಲಿ, ಆ ಆಟದ ಬಗ್ಗೆ ಕೇಳಿದವರಿಗೆಲ್ಲ "ಆರೇ ಊರು ಇದೆ, ಸೇತುವೆ ದಾಟಕ್ಕಾಗಲ್ಲ, ಬೇಕಾದ್ರೆ ತಗೊಳ್ಳಿ" ಎಂದು ಹೇಳತೊಡಗಿದೆ. ಯಾರೂ ತೆಗೆದುಕೊಳ್ಳಲಿಲ್ಲ. ಮೂರನೇ ದಿನ ಮಾಲೀಕರು ನನ್ನನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಗೋದಾಮಿಗೆ ಹಾಕಿದರು. ಆಂಬುಲೆನ್ಸಿನವರ ಮನೆ ವಿಳಾಸ ಅಂಗಡಿಯ ಪುಸ್ತಕದಲ್ಲಿತ್ತು. ಒಂದು ಭಾನುವಾರ ಹೋಗಿ, ನಮ್ಮಕ್ಕ ಹನ್ನೊಂದು ಸಲ ಬರೆದಿದ್ದಳು ಎಂದು ಹೇಳಿ ಬಂದೆ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ನಿಮ್ಮಕ್ಕಂಗೆ ಹೇಳಿ, ನಾನು ಅಂದಿದ್ದನ್ನ ಮನಸ್ಸಲ್ಲಿಟ್ಕೋಬಾರದು ಅಂತ," ಎಂದರು. ಬಂದು ಹೇಳಿದೆ. ಅಕ್ಕ ತಲೆಯಾಡಿಸಿದಳು.

ಮೊದಲ ಅಪ್‌ಡೇಟ್ ಬಂದದ್ದು ಅಕ್ಕ ಕೆಲಸ ಬಿಟ್ಟ ಎಂಟನೇ ದಿನ, ಶನಿವಾರ ಮಧ್ಯಾಹ್ನ. "ಅನೇಕ ಸುಧಾರಣೆಗಳು" ಎಂದಷ್ಟೇ ಬರೆದಿತ್ತು. ಮೂವರೂ ಟಿವಿ ಮುಂದೆ ಕೂತೆವು. ಅಕ್ಕ ರಿಮೋಟ್ ಹಿಡಿದಳು. ಆರನೇ ಊರಿನವರೆಗೆ ಅವಳು ಆಡಿ ಇಟ್ಟಿದ್ದ ಆಟವನ್ನು ತೆರೆದು, ಅಂಚೆಯವಳ ಚೀಲದಲ್ಲಿ ಕಾಗದ ಇದೆಯೇ ಎಂದು ನೋಡಿ, ಸೇತುವೆ ಹತ್ತಿಸಿದಳು. ನಡುಸೇತುವೆಯಲ್ಲಿ ಅಂಚೆಯವಳು ಒಂದು ಕಾಲು ಮೇಲೆತ್ತಿ ನಿಂತುಬಿಟ್ಟಳು. ಆರಿಸಿ ಹಚ್ಚಿದ್ದಾಯಿತು. ಒಂದನೇ ಊರು.

"ಹೆಸರು ನೋಡು," ಎಂದ ಅಪ್ಪ.

ಅಕ್ಕ ಗುಂಡಿ ಒತ್ತಿದಳು. ಹೆಸರುಗಳು ಏರಿ ಬಂದವು. ಪರೀಕ್ಷೆ ಎಂಬಲ್ಲಿ ನಿಲ್ಲಿಸಿದಳು. ಮೂರು ಸಾಲು. ಅಪ್ಪ ಭೂತಗನ್ನಡಿ ಹಿಡಿದು ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ತುಂಬ ಹೊತ್ತು ಹುಡುಕಿದ. ಒಂದು ಚುಕ್ಕೆ ಉಳಿದಿರಲಿಲ್ಲ, ಒಂದು ಎಳೆಯಷ್ಟು ಸಂದೂ ಇರಲಿಲ್ಲ. ಮೇಲಿನ ಹೆಸರೂ ಕೆಳಗಿನ ಹೆಸರೂ ಅಳೆದಿಟ್ಟ ಹಾಗೆ ಕೂಡಿಕೊಂಡಿದ್ದವು, ಅಲ್ಲಿ ಯಾರೂ ಯಾವತ್ತೂ ಇರಲೇ ಇಲ್ಲವೇನೋ ಎಂಬಂತೆ. ಸಂಜೆ ಉಳಿದ ಮೂವರಲ್ಲಿ ಒಬ್ಬಳು ಫೋನು ಮಾಡಿ, ಪಟ್ಟಿಯಲ್ಲಿ ಅಕ್ಕನ ಕೊನೆಯ ತಪ್ಪಿನ ಮುಂದೆ ಅವಳು ಕೆಲಸ ಬಿಟ್ಟ ದಿನ ಮಧ್ಯಾಹ್ನವೇ "ಸರಿಪಡಿಸಿದೆ" ಎಂದು ಬಂದಿತ್ತೆಂದು ಹೇಳಿದಳು. ಸೇತುವೆಯ ಮುಂದೆ ಇನ್ನೂ ಆಮೇಲೆ ಎಂದೇ ಇತ್ತಂತೆ.

ಆದರೆ ಅದು ಆಮೇಲಿನ ಮಾತು. ಆಗ ಅಪ್ಪ ಭೂತಗನ್ನಡಿ ಕೆಳಗಿಟ್ಟು ಅಕ್ಕನ ಮುಖ ನೋಡಿದ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಕೆಲಸ ಸರಿಯಿದೆಯೇ ಎಂದು ನೋಡುವಾಗಿನ ಅದೇ ಕಣ್ಣು.

"ನೋಡಿದ್ಯಾ ಅಪ್ಪ," ಎಂದಳು, "ಮನಸ್ಸು ಮಾಡಿದ್ರೆ ಇವರಿಗೆ ಕೆಲಸ ಬರುತ್ತೆ."